ಮಕ್ಕಳ ಸಾಫ್ಟ್‌ಬಾಲ್‌ಗೆ ಅಂಪೈರ್ ಆಗುವುದು ಹೇಗೆ? ಪುಣೆ ಮೈದಾನದಿಂದ ಒಂದು ಸಮಗ್ರ ಮಾರ್ಗದರ್ಶಿ

ಪುಣೆಯಲ್ಲಿ ಮಗಳನ್ನೋ ಮಗನನ್ನೋ ಸಾಫ್ಟ್‌ಬಾಲ್‌ಗೆ ಹಾಕಿದ ಅಪ್ಪ ಅಮ್ಮಂದಿರ ಕಿವಿಗೆ ಒಂದಲ್ಲ ಒಂದು ಭಾನುವಾರ ಈ ಮಾತು ಬೀಳುತ್ತದೆ. "ಸರ್, ಆಜ್ ಅಂಪೈರ್ ಆಲಾ ನಾಹೀ, ತುಮ್ಹೀ ಉಭೇ ರಾಹಾಲ್ ಕಾ?" ಇವತ್ತು ಅಂಪೈರ್ ಬಂದಿಲ್ಲ, ನೀವು ನಿಲ್ಲುತ್ತೀರಾ ಅಂತ. ನನ್ನನ್ನೂ ಹಾಗೇ ಕೇಳಿದರು. ಕ್ರಿಕೆಟ್ ನೋಡಿ ಬೆಳೆದವನು, ಧೈರ್ಯವಾಗಿ ನಿಂತೆ. ಮೂರನೇ ಇನ್ನಿಂಗ್ಸ್‌ನಲ್ಲಿ ಫಸ್ಟ್ ಬೇಸ್ (ಚೆಂಡು ಹೊಡೆದವರು ಮೊದಲು ಓಡಿ ಮುಟ್ಟಬೇಕಾದ ಗುರುತು) ಹತ್ತಿರ ಚೆಂಡು ಗ್ಲೌಸ್‌ಗೆ ಬಡಿದ ಸದ್ದು ಕೇಳಿದ ತಕ್ಷಣ "ಔಟ್" ಅಂದುಬಿಟ್ಟೆ. ಚೆಂಡು ಗ್ಲೌಸ್‌ನಿಂದ ಜಾರಿ ನೆಲಕ್ಕೆ ಬಿದ್ದಿತ್ತು. ಓಡಿ ಬಂದ ಹುಡುಗಿಗೆ ಹನ್ನೊಂದು ವರ್ಷ ಇರಬಹುದು. ಏನೂ ಹೇಳಲಿಲ್ಲ. ನೆಲದ ಮೇಲಿದ್ದ ಚೆಂಡು ನೋಡಿದಳು, ನನ್ನ ಮುಖ ನೋಡಿದಳು, ಹೆಲ್ಮೆಟ್ ತೆಗೆದು ನಡೆದು ಹೋದಳು.

ನಾನು ಆಮೇಲೆ ಕಲಿತದ್ದೆಲ್ಲ ಒಂದೇ ಕ್ರಮದ ಸುತ್ತ ಇದೆ. ಮೊದಲು ಕಾಲು ನಿಲ್ಲಬೇಕು, ಆಮೇಲೆ ಕಣ್ಣು ನೋಡಬೇಕು, ಕೊನೆಗೆ ಬಾಯಿ ಹೇಳಬೇಕು. ಹೊಸ ಅಂಪೈರ್ ಮಾಡುವ ತಪ್ಪುಗಳಲ್ಲಿ ಹೆಚ್ಚಿನವು ಈ ಕ್ರಮ ತಿರುಗುಮುರುಗಾದಾಗ ಆಗುತ್ತವೆ. ಈ ಲೇಖನ ಕೈ ಕೆಳಗಿನಿಂದ ಬೀಸಿ ವೇಗವಾಗಿ ಎಸೆಯುವ ಫಾಸ್ಟ್‌ಪಿಚ್ ಆಟದ ಬಗ್ಗೆ, ಅಂದರೆ ನಮ್ಮ ಶಾಲೆಗಳಲ್ಲಿ 14, 17, 19 ವರ್ಷದೊಳಗಿನವರು ಆಡುವ ಆಟದ ಬಗ್ಗೆ. ಕಾಲೇಜು ಹುಡುಗರ ಸ್ನೇಹದ ಪಂದ್ಯಕ್ಕೂ ಇದೇ ಸಾಕು.

ಮೈದಾನಕ್ಕೆ ಹೋಗುವ ಮುಂಚೆ

ನಿಯಮ ಪುಸ್ತಕ ಓದಿ. ಇಡೀ ಪುಸ್ತಕ ಒಂದೇ ಸಲ ಓದಲು ಕೂತರೆ ತಲೆ ತಿರುಗುತ್ತದೆ. ಪಿಚಿಂಗ್ (ಬ್ಯಾಟರ್‌ಗೆ ಚೆಂಡು ಎಸೆಯುವುದು), ಬ್ಯಾಟಿಂಗ್, ರನ್ನರ್ (ಬೇಸ್‌ನಿಂದ ಬೇಸ್‌ಗೆ ಓಡುವವರು) ಈ ಮೂರು ಅಧ್ಯಾಯ ಸಾಕು, ವಾರಕ್ಕೊಂದು. ಓದುವಾಗ ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಂಡು ವಜ್ರಾಕಾರದ ಮೈದಾನ ಬರೆದು, ನಾಲ್ಕು ಕಡಲೆಕಾಳನ್ನು ರನ್ನರ್ ಮಾಡಿ ಸರಿಸುತ್ತಾ ಓದಿ. ಮುಂದೆ ಬರುವ ಇನ್‌ಫೀಲ್ಡ್ ಫ್ಲೈ ನಿಯಮ ನಾನು ಅರ್ಥ ಮಾಡಿಕೊಂಡದ್ದು ಹೀಗೇ, ಊಟದ ಮೇಜಿನ ಮೇಲೆ. ಒಂದೊಂದು ಸ್ಪರ್ಧೆಗೂ ಒಂದಿಷ್ಟು ಸ್ವಂತ ನಿಯಮ ಇರುತ್ತವೆ. ಎಷ್ಟು ಇನ್ನಿಂಗ್ಸ್, ಸಮಯದ ಮಿತಿ ಇದೆಯಾ, ಎಷ್ಟು ರನ್ ಅಂತರವಾದರೆ ಪಂದ್ಯ ಮುಗಿಯುತ್ತದೆ, ಚಿಕ್ಕವರಿಗೆ ಪಿಚಿಂಗ್ ದೂರ ಎಷ್ಟು? ಇದನ್ನು ಆಯೋಜಕರಿಂದ ಹಿಂದಿನ ದಿನವೇ ಬರಹದಲ್ಲಿ ತರಿಸಿಕೊಳ್ಳಿ. ವಾಟ್ಸ್ಆ್ಯಪ್ ಮೆಸೇಜ್ ಆದರೂ ಸಾಕು.

ಸಾಮಾನು ವಿಷಯ. ಹೆಸರು ಸಾಫ್ಟ್‌ಬಾಲ್ ಅಷ್ಟೇ, ಚೆಂಡು ಮೆತ್ತಗಿಲ್ಲ. 12 ಇಂಚು ಸುತ್ತಳತೆಯ ಗಟ್ಟಿ ಚೆಂಡು ಅದು. ಪ್ಲೇಟ್ (ಬ್ಯಾಟರ್ ಪಕ್ಕ ನೆಲದಲ್ಲಿರುವ ಹಲಗೆ, ಅದೇ ಹೋಮ್) ಹಿಂದೆ ನಿಲ್ಲುವವರಿಗೆ ಗಂಟಲು ಮುಚ್ಚುವ ಮಾಸ್ಕ್, ಎದೆಯ ಪ್ಯಾಡ್, ಮೊಣಕಾಲಿನಿಂದ ಪಾದದವರೆಗೆ ಶಿನ್ ಗಾರ್ಡ್, ಗಂಡಸರಾದರೆ ಒಳಗೊಂದು ಗಾರ್ಡ್ ಬೇಕೇ ಬೇಕು. ಕ್ರಿಕೆಟ್ ಗಾರ್ಡ್ ನಡೆಯುತ್ತದೆ. ಕ್ರಿಕೆಟ್ ಹೆಲ್ಮೆಟ್ ನಡೆಯುವುದಿಲ್ಲ, ಗಂಟಲು ಬಯಲಾಗಿರುತ್ತದೆ. ಮೀರತ್, ಜಾಲಂಧರ್ ಕಡೆ ತಯಾರಾಗುವ ಕಿಟ್ ಶುರುವಿಗೆ ಸಾಕು. ಕಿಟ್ ಇಲ್ಲದಿದ್ದರೆ? ಪ್ಲೇಟ್ ಹಿಂದೆ ನಿಲ್ಲಲೇಬೇಡಿ. ಪಿಚರ್ (ಚೆಂಡು ಎಸೆಯುವವರು) ಹಿಂದೆ, ಸ್ವಲ್ಪ ಪಕ್ಕಕ್ಕೆ ನಿಂತು ಬಾಲ್ (ಜಾಗ ತಪ್ಪಿದ ಎಸೆತ), ಸ್ಟ್ರೈಕ್ (ಸರಿಯಾದ ಜಾಗದಲ್ಲಿ ಬಂದ ಅಥವಾ ಬೀಸಿ ತಪ್ಪಿದ ಎಸೆತ) ಹೇಳಿ. ಚಿಕ್ಕ ಮಕ್ಕಳ ಅಭ್ಯಾಸ ಪಂದ್ಯಕ್ಕೆ ಇದು ಪೂರ್ತಿ ಒಪ್ಪುವಂಥದ್ದು. ಕಿಟ್ ಇಲ್ಲದ ಕ್ಯಾಚರ್ (ಪ್ಲೇಟ್ ಹಿಂದೆ ಕೂತು ಚೆಂಡು ಹಿಡಿಯುವವರು) ಇದ್ದರೆ ಮಾತ್ರ ಪಂದ್ಯ ಶುರು ಮಾಡಬೇಡಿ, ಯಾರು ಎಷ್ಟು ಹೇಳಿದರೂ.

ಇನ್ನು ಮೂರು ಚಿಕ್ಕ ಸಾಮಾನು. ಬಾಲ್, ಸ್ಟ್ರೈಕ್, ಔಟ್ ಎಣಿಸುವ ಇಂಡಿಕೇಟರ್ ಎಡಗೈಯಲ್ಲಿ ಇರಲಿ. ಪ್ಲೇಟ್ ಒರೆಸಲು ಒಂದು ಬ್ರಷ್. ಸೊಂಟಕ್ಕೆ ಚೆಂಡಿನ ಚೀಲ. ಇಂಡಿಕೇಟರ್ ಸಿಗದಿದ್ದರೆ ಜೇಬಿನಲ್ಲಿ ಹುಣಸೆ ಬೀಜ ಇಟ್ಟುಕೊಂಡು ಎಣಿಸಿದ ದಿನಗಳೂ ನನಗಿವೆ. ಆದರೆ ಬೇಗ ಒಂದು ಕೊಂಡುಬಿಡಿ. ಎಣಿಕೆ ತಪ್ಪಿದ ಅಂಪೈರ್‌ನ ಮಾತಿಗೆ ಆಮೇಲೆ ಇಡೀ ದಿನ ತೂಕ ಇರುವುದಿಲ್ಲ.

ಮೈದಾನದಲ್ಲಿ ಮೊದಲ ಅರ್ಧ ಗಂಟೆ

ಅರ್ಧ ಗಂಟೆ ಮುಂಚೆ ಹೋಗಿ. ಟೇಪ್ ಹಿಡಿದು ಅಳೆಯಿರಿ. ಬೇಸ್‌ನಿಂದ ಬೇಸ್‌ಗೆ 60 ಅಡಿ. ಹೋಮ್ ಪ್ಲೇಟ್‌ನಿಂದ ಸೆಕೆಂಡ್ ಬೇಸ್‌ಗೆ ಕರ್ಣದ ಉದ್ದ 84 ಅಡಿ 10 ಇಂಚು ಚಿಲ್ಲರೆ ಬರಬೇಕು. ಅದು ಬಂದರೆ ಚೌಕ ಸರಿಯಾಗಿದೆ ಅಂತ ಲೆಕ್ಕ. ಪಿಚಿಂಗ್ ದೂರ ಹೆಂಗಸರಿಗೆ 43 ಅಡಿ, ಗಂಡಸರಿಗೆ 46 ಅಡಿ, ಚಿಕ್ಕವರಿಗೆ 40 ಅಡಿ ಅಥವಾ ಇನ್ನೂ ಕಡಿಮೆ ಇಡುವುದುಂಟು. ಅಳೆಯುವುದು ಪ್ಲೇಟ್‌ನ ಹಿಂದಿನ ಚೂಪು ತುದಿಯಿಂದ. ಇಲ್ಲಿ ಜಾಸ್ತಿ ಜನ ಪ್ಲೇಟ್‌ನ ಮುಂಭಾಗದಿಂದ ಅಳೆದು ಸುಮಾರು ಒಂದೂವರೆ ಅಡಿ ತಪ್ಪು ಮಾಡುತ್ತಾರೆ, ಆಮೇಲೆ ಪಾಪ ಪಿಚರ್‌ಗೆ ಯಾಕೆ ಚೆಂಡು ಮುಟ್ಟುತ್ತಿಲ್ಲ ಅಂತ ಕೋಚ್ ಬೈಯುತ್ತಿರುತ್ತಾರೆ. ಪಿಚರ್ ಸುತ್ತ 8 ಅಡಿ ತ್ರಿಜ್ಯದ ವೃತ್ತ, ಬ್ಯಾಟರ್‌ಗೆ 3 ಅಡಿ ಅಗಲ 7 ಅಡಿ ಉದ್ದದ ಬಾಕ್ಸ್. ಇಲ್ಲಿ ಗೆರೆ ಹಾಕುವ ಸುಣ್ಣದ ಪುಡಿಗೆ ಫಕ್ಕಿ ಅನ್ನುತ್ತಾರೆ. ಎರಡು ಇನ್ನಿಂಗ್ಸ್ ಆಗುವಷ್ಟರಲ್ಲಿ ಬ್ಯಾಟರ್ ಬಾಕ್ಸ್ ಅಳಿಸಿಹೋಗುತ್ತದೆ, ಹಾಗಾಗಿ ಅರ್ಧ ಡಬ್ಬಿ ಫಕ್ಕಿ ಉಳಿಸಿಡಿ ಅಂತ ಮೈದಾನದವರಿಗೆ ಮೊದಲೇ ಹೇಳಿ.

ಪುಣೆ ಮೈದಾನಗಳಲ್ಲಿ ನೋಡಲೇಬೇಕಾದದ್ದು ನೆಲ. ಮಳೆಗಾಲದಲ್ಲಿ ಮುರುಮ್ (ಜಲ್ಲಿ ಮಣ್ಣು) ಕೊಚ್ಚಿಹೋಗಿ ಕಲ್ಲು ಮೇಲೆ ಬಂದಿರುತ್ತವೆ. ಫಸ್ಟ್ ಬೇಸ್‌ನಿಂದ ಹೋಮ್‌ವರೆಗೆ ನಡೆದು ಕಲ್ಲು ಹೆಕ್ಕಿ. ನೀವು ಬಗ್ಗಿ ಹೆಕ್ಕಲು ಶುರು ಮಾಡಿದರೆ ಎರಡೂ ತಂಡದ ಮಕ್ಕಳು ತಾವಾಗೇ ಬರುತ್ತಾರೆ. ಹೀಗೆ ಬಂದ ಮಕ್ಕಳ ಜೊತೆ ಹತ್ತು ನಿಮಿಷ ಕಲ್ಲು ಹೆಕ್ಕಿದ ದಿನ ಪಂದ್ಯದಲ್ಲಿ ಜಗಳ ಕಡಿಮೆ. ಇದು ನನ್ನ ಅನುಭವ.

ಬ್ಯಾಟ್ ನೋಡಿ: ಬಿರುಕು, ತಗ್ಗು, ಸಡಿಲ ಗ್ರಿಪ್. 34 ಇಂಚಿಗಿಂತ ಉದ್ದ ಇರಬಾರದು, ಅತಿ ದಪ್ಪ ಭಾಗ ಎರಡೂ ಕಾಲು ಇಂಚು ಮೀರಬಾರದು. ಬ್ಯಾಟರ್‌ಗೂ ರನ್ನರ್‌ಗೂ ಹೆಲ್ಮೆಟ್ ಕಡ್ಡಾಯ. ಮಕ್ಕಳಿಗೆ ಲೋಹದ ಸ್ಪೈಕ್ ಬೇಡ. ಗೌರಿ ಗಣಪತಿ ಹಬ್ಬದ ವಾರ ಹುಡುಗಿಯರು ಗಾಜಿನ ಬಳೆ ಹಾಕಿಕೊಂಡೇ ಬಂದಿರುತ್ತಾರೆ. ಎಲ್ಲರೆದುರು ಗದರಬೇಡಿ. ಪಕ್ಕಕ್ಕೆ ಕರೆದು, "ಮಗಾ, ಸ್ಲೈಡ್ ಮಾಡುವಾಗ ಒಡೆದರೆ ಕೈ ಕುಯ್ಯುತ್ತದೆ, ತೆಗೆದು ಅಮ್ಮನ ಕೈಗೆ ಕೊಟ್ಟು ಬಾ" ಅಂದರೆ ಆಯಿತು. ತೆಗೆಯಲು ಬಾರದ ಬಳೆ ಇದ್ದರೆ ಸ್ವಲ್ಪ ಸೋಪಿನ ನೀರು ಹಚ್ಚಿಸಿ. ತೆಗೆಯದೆ ಆಡಲು ಬಿಡಬೇಡಿ.

ಆಮೇಲೆ ಪ್ಲೇಟ್ ಹತ್ತಿರ ಎರಡೂ ಕೋಚ್‌ಗಳನ್ನು, ನಾಯಕರನ್ನು ಕರೆಯಿರಿ. ಲೈನ್‌ಅಪ್ ಚೀಟಿ ತೆಗೆದುಕೊಂಡು ಹೆಸರು, ಜರ್ಸಿ ನಂಬರ್ ಗಟ್ಟಿಯಾಗಿ ಓದಿ. ಇಲ್ಲೇ ಮೈದಾನದ ವಿಶೇಷಗಳನ್ನೂ ಮಾತಾಡಿ ಮುಗಿಸಬೇಕು. ನಮ್ಮ ಮೈದಾನಕ್ಕೆ ಬೇಲಿ ಇರುವುದಿಲ್ಲ. ಲೆಫ್ಟ್ ಫೀಲ್ಡ್ ಮೇಲೆ ಬೇವಿನ ಕೊಂಬೆ, ಥರ್ಡ್ ಬೇಸ್ ಆಚೆ ಚರಂಡಿ, ಅದರ ಪಕ್ಕ ಸಾಲಾಗಿ ನಿಲ್ಲಿಸಿದ ಸ್ಕೂಟರ್‌ಗಳು. ಎಸೆದ ಚೆಂಡು ಸ್ಕೂಟರ್ ಕೆಳಗೆ ಹೋದರೆ ಡೆಡ್ ಬಾಲ್ (ಆಟ ಅಲ್ಲಿಗೆ ನಿಲ್ಲುತ್ತದೆ), ಎಸೆದ ಕ್ಷಣದಲ್ಲಿ ರನ್ನರ್ ಎಲ್ಲಿದ್ದಳೋ ಅಲ್ಲಿಂದ ಎರಡು ಬೇಸ್. ಪಿಚ್, ಅಂದರೆ ಪಿಚರ್ ಬ್ಯಾಟರ್‌ಗೆ ಎಸೆದ ಚೆಂಡು, ಹೊರಗೆ ಹೋದರೆ ಒಂದು ಬೇಸ್. ಇದನ್ನು ಮೊದಲೇ ಹೇಳಿದರೆ ಎರಡು ನಿಮಿಷದ ಮಾತು, ಆದ ಮೇಲೆ ಹೇಳಿದರೆ ಇಪ್ಪತ್ತು ನಿಮಿಷದ ವಾದ.

ಪ್ಲೇಟ್ ಹಿಂದೆ

ಈ ಭಾಗ ನಿಧಾನವಾಗಿ ಓದಿ. ಅಂಪೈರಿಂಗ್‌ನ ಮುಕ್ಕಾಲು ಕೆಲಸ ಇಲ್ಲೇ ಇದೆ.

ಕ್ಯಾಚರ್‌ನ ನೇರ ಹಿಂದೆ ನಿಲ್ಲಬೇಡಿ, ಹೊರ ಮೂಲೆ ಕಾಣುವುದಿಲ್ಲ. ಕ್ಯಾಚರ್‌ಗೂ ಬ್ಯಾಟರ್‌ಗೂ ನಡುವೆ ಒಂದು ಸಂದು ಇರುತ್ತದೆ, ಅದಕ್ಕೆ ಸ್ಲಾಟ್ ಅನ್ನುತ್ತಾರೆ. ಬಲಗೈ ಬ್ಯಾಟರ್ ಇದ್ದರೆ ಕ್ಯಾಚರ್‌ನ ಎಡ ಭುಜದ ಮೇಲಿಂದ, ಎಡಗೈ ಬ್ಯಾಟರ್ ಇದ್ದರೆ ಬಲ ಭುಜದ ಮೇಲಿಂದ ನಿಮ್ಮ ತಲೆ ಆ ಸಂದಿನಲ್ಲಿ ಇರಬೇಕು. ನಿಮ್ಮ ಗದ್ದ ಕ್ಯಾಚರ್‌ನ ತಲೆಗಿಂತ ಕೆಳಗೆ ಇಳಿಯಬಾರದು. ಕೆಳಗಿಳಿದರೆ ಮೊಣಕಾಲಿನ ಎತ್ತರದ ಚೆಂಡು ಕಾಣುವುದೇ ಇಲ್ಲ. ಕಾಲುಗಳು ಭುಜಕ್ಕಿಂತ ಅಗಲ, ಭಾರ ಎರಡೂ ಕಾಲಿನ ಮೇಲೆ ಸಮ. ಪಿಚರ್ ಕೈ ಬೀಸಲು ಶುರು ಮಾಡುವ ಹೊತ್ತಿಗೆ ನೀವು ಕುಳಿತಾಗಿರಬೇಕು. ಚೆಂಡು ಬರುವಾಗ ಕುಳಿತುಕೊಳ್ಳುತ್ತಿದ್ದರೆ ಕಣ್ಣು ಅಲ್ಲಾಡುತ್ತದೆ, ಅಲ್ಲಾಡಿದ ಕಣ್ಣಿಗೆ ಸ್ಟ್ರೈಕ್ ಸಿಗುವುದಿಲ್ಲ.

ನೋಡುವುದು ಎಲ್ಲಿ? ಪಿಚರ್‌ನ ಸೊಂಟದ ಪಕ್ಕ, ಚೆಂಡು ಕೈ ಬಿಡುವ ಜಾಗ. ಅಲ್ಲಿಂದ ಕ್ಯಾಚರ್ ಗ್ಲೌಸ್‌ವರೆಗೆ ಬರೀ ಕಣ್ಣಿನಿಂದ ಹಿಂಬಾಲಿಸಿ, ತಲೆ ತಿರುಗಿಸಬೇಡಿ. ಮೊದಲ ದಿನಗಳಲ್ಲಿ ಬ್ಯಾಟ್ ಬೀಸಿದಾಗ ಕಣ್ಣು ತಾನಾಗೇ ಮುಚ್ಚುತ್ತದೆ. ಮಾಸ್ಕ್ ಇದೆ, ಏನೂ ಆಗುವುದಿಲ್ಲ ಅಂತ ಬುದ್ಧಿಗೆ ಗೊತ್ತು, ರೆಪ್ಪೆಗೆ ಗೊತ್ತಿಲ್ಲ. ಇದಕ್ಕೆ ಇರುವ ಒಂದೇ ಮದ್ದು ಅಭ್ಯಾಸ. ಪಿಚರ್‌ಗಳು ಅಭ್ಯಾಸ ಮಾಡುವಾಗ ಕಿಟ್ ಹಾಕಿಕೊಂಡು ಕ್ಯಾಚರ್ ಹಿಂದೆ ನಿಂತು 50 ಪಿಚ್ ನೋಡಿ. ಏನೂ ಹೇಳಬೇಡಿ, ಸುಮ್ನೆ ನೋಡಿ. ಎರಡನೇ ದಿನ ಮನಸ್ಸಿನಲ್ಲೇ ಹೇಳಿ. ಮೂರನೇ ದಿನ ಬಾಯಿಬಿಟ್ಟು ಹೇಳಿ. ಪಿಚರ್‌ಗಳೂ ಖುಷಿಯಾಗುತ್ತಾರೆ.

ಸ್ಟ್ರೈಕ್ ಜೋನ್ ಅಂದರೆ ಪ್ಲೇಟ್‌ನ ಮೇಲೆ, ಬ್ಯಾಟರ್ ಸಹಜವಾಗಿ ನಿಂತಾಗ ಅವಳ ಕಂಕುಳಿನಿಂದ ಮೊಣಕಾಲಿನ ಮೇಲ್ಭಾಗದವರೆಗೆ ಇರುವ ಜಾಗ. ಪ್ಲೇಟ್ 17 ಇಂಚು ಅಗಲ. ಚೆಂಡಿನ ಒಂದು ಅಂಚು ಆ ಜಾಗ ಸವರಿಕೊಂಡು ಹೋದರೂ ಸ್ಟ್ರೈಕ್. ನಿರ್ಣಯ ಪ್ಲೇಟ್ ಮೇಲಿನದು, ಕ್ಯಾಚರ್ ಹಿಡಿದ ಜಾಗದ್ದಲ್ಲ. ಚಿಕ್ಕ ಮಕ್ಕಳ ಪಿಚ್ ಮೇಲಕ್ಕೆ ಹೋಗಿ ಇಳಿಯುತ್ತಾ ಬರುತ್ತದೆ. ಮೊಣಕಾಲಿನ ಹತ್ತಿರ ಪ್ಲೇಟ್ ದಾಟಿ, ಕ್ಯಾಚರ್ ಕೈಗೆ ಸಿಗುವಾಗ ಪಾದದ ಮಟ್ಟಕ್ಕೆ ಇಳಿದಿರುತ್ತದೆ. ನೋಡುವವರೆಲ್ಲ ಬಾಲ್ ಅನ್ನುತ್ತಾರೆ, ನೀವು ಪ್ಲೇಟ್ ಮೇಲೆ ನೋಡಿದ್ದನ್ನೇ ಹೇಳಿ.

ನನ್ನ ಅಭಿಪ್ರಾಯ ಒಂದು ಇಲ್ಲಿ. 12 ವರ್ಷದೊಳಗಿನ ಮಕ್ಕಳಿಗೆ ಜೋನ್ ಅನ್ನು ಒಂದು ಚೆಂಡಿನಷ್ಟು ಅಗಲ ಮಾಡಿ. ಪುಸ್ತಕದ ಜೋನ್ ಹಿಡಿದು ಕೂತರೆ ಬಾಲ್‌ಗಳ ಎಣಿಕೆ ತುಂಬಿ ಒಬ್ಬರಾದ ಮೇಲೆ ಒಬ್ಬರು ನಡೆದುಕೊಂಡು ಫಸ್ಟ್ ಬೇಸ್‌ಗೆ ಹೋಗುತ್ತಾರೆ, ಫೀಲ್ಡಿಂಗ್ ಮಕ್ಕಳು ಮಣ್ಣಿನಲ್ಲಿ ಚಿತ್ರ ಬಿಡಿಸುತ್ತಾ ಕೂರುತ್ತಾರೆ, ಪಿಚರ್ ಅಳುತ್ತದೆ. ಜೋನ್ ಅಗಲ ಮಾಡಿದರೆ ಬ್ಯಾಟ್ ಬೀಸುವುದನ್ನು ಕಲಿಯುತ್ತಾರೆ. ಆದರೆ ಪಂದ್ಯದ ಮೊದಲೇ ಇಬ್ಬರೂ ಕೋಚ್‌ಗಳಿಗೆ ಹೇಳಿ, ಮೊದಲ ಪಿಚ್‌ನಿಂದ ಕೊನೆಯ ಪಿಚ್‌ವರೆಗೆ ಎರಡೂ ತಂಡಕ್ಕೆ ಅದೇ ಜೋನ್ ಇರಲಿ.

ಇನ್ನು ಬಾಯಿ. ಚೆಂಡು ಗ್ಲೌಸ್ ಸೇರಿದ ಮೇಲೆ ಒಂದು ಉಸಿರಿನಷ್ಟು ತಡೆಯಿರಿ. ಆ ಒಂದು ಉಸಿರಿನಲ್ಲಿ ನೀವು ನೋಡಿದ್ದು ತಲೆಯಲ್ಲಿ ಇನ್ನೊಂದು ಸಲ ಓಡುತ್ತದೆ. ಬಾಲ್ ಆದರೆ ಕುಳಿತಲ್ಲೇ "ಬಾಲ್" ಅಂತ ಹೇಳಿ, ಕೈ ಸನ್ನೆ ಬೇಡ. ಸ್ಟ್ರೈಕ್ ಆದರೆ ಎದ್ದು, ಬಲಗೈಯನ್ನು ಬಾಗಿಲು ಬಡಿಯುವ ಹಾಗೆ ಮುಂದಕ್ಕೆ ಹೊಡೆದು, ಔಟ್‌ಫೀಲ್ಡ್‌ಗೆ ಕೇಳುವ ಹಾಗೆ ಹೇಳಿ. ಎಣಿಕೆ ತೋರಿಸುವಾಗ ಬಾಲ್ ಎಡಗೈಯಲ್ಲಿ, ಸ್ಟ್ರೈಕ್ ಬಲಗೈಯಲ್ಲಿ, ಹೇಳುವಾಗ ಬಾಲ್ ಮೊದಲು: "ಟೂ ಬಾಲ್ಸ್, ವನ್ ಸ್ಟ್ರೈಕ್." ಎರಡು ಮೂರು ಪಿಚ್‌ಗೊಮ್ಮೆ ಹೇಳುತ್ತಿರಿ. ಮಕ್ಕಳು ಮರೆಯುತ್ತಾರೆ, ಸ್ಕೋರರ್ ಕೂಡ ಮರೆಯುತ್ತಾರೆ.

ಪಿಚರ್ ಕಡೆ ಕಣ್ಣಿಡಬೇಕಾದದ್ದು ಇಷ್ಟು: ಪಿಚಿಂಗ್ ಪ್ಲೇಟ್ ಮೇಲೆ ಕಾಲಿಟ್ಟು, ಎರಡೂ ಕೈ ಸೇರಿಸಿ ಒಂದು ಕ್ಷಣ ನಿಂತು, ಆಮೇಲೆ ಕೈ ಕೆಳಗಿನಿಂದ ಬೀಸಿ ಎಸೆಯಬೇಕು. ಕುಪ್ಪಳಿಸಿ ಮುಂದೆ ಇನ್ನೊಂದು ಕಡೆ ಕಾಲೂರಿ ಅಲ್ಲಿಂದ ಮತ್ತೆ ತಳ್ಳಿಕೊಂಡರೆ ಇಲ್ಲೀಗಲ್ ಪಿಚ್. ಎಡಗೈ ಪಕ್ಕಕ್ಕೆ ಚಾಚಿ ಮುಷ್ಟಿ ಹಿಡಿಯಿರಿ, ಆ ಪ್ಲೇ ಮುಗಿಯಲಿ, ಆಮೇಲೆ ಶಿಕ್ಷೆ. ಹತ್ತು ವರ್ಷದ ಪಿಚರ್ ಆದರೆ ಮೊದಲ ಸಲ ಇನ್ನಿಂಗ್ಸ್ ನಡುವೆ ಕೋಚ್‌ಗೆ ತೋರಿಸಿ ಹೇಳಿ. 17ರೊಳಗಿನವರ ಜಿಲ್ಲಾ ಪಂದ್ಯದಲ್ಲಿ ಆ ರಿಯಾಯಿತಿ ಬೇಡ.

ಚೆಂಡು ಬ್ಯಾಟ್‌ಗೆ ತಾಗಿದ ಮೇಲೆ

ಸಾಫ್ಟ್‌ಬಾಲ್ ಮೈದಾನ ಚಿಕ್ಕದು. ಬೇಸ್‌ಬಾಲ್‌ನಲ್ಲಿ ಬೇಸ್‌ಗಳ ನಡುವೆ 90 ಅಡಿ, ಇಲ್ಲಿ 60. ಒಳ್ಳೆಯ ಓಟಗಾರ್ತಿ ಮೂರು ಸೆಕೆಂಡಿನ ಆಸುಪಾಸಿನಲ್ಲಿ ಫಸ್ಟ್ ಬೇಸ್‌ನಲ್ಲಿರುತ್ತಾಳೆ. ಅಷ್ಟರಲ್ಲಿ ನೀವು ಮಾಸ್ಕ್ ತೆಗೆಯಬೇಕು, ಫೇರ್ ಆ (ಗೆರೆಯ ಒಳಗೆ) ಫೌಲ್ ಆ (ಗೆರೆಯ ಹೊರಗೆ) ನೋಡಬೇಕು, ಓಡಬೇಕು, ನಿಲ್ಲಬೇಕು.

ಒಬ್ಬರೇ ಅಂಪೈರ್ ಇದ್ದಾಗ ಹೀಗೆ ಮಾಡಿ. ಮಾಸ್ಕ್ ಎಡಗೈಯಲ್ಲಿ ತೆಗೆಯಿರಿ, ಕ್ಯಾಚರ್‌ನ ಎಡ ಪಕ್ಕದಿಂದ ಹೊರಗೆ ಬನ್ನಿ, ಒಳ ಮೈದಾನದ ಕಡೆ ನಾಲ್ಕು ಹೆಜ್ಜೆ ಓಡಿ. ಚೆಂಡು ಗೆರೆ ಹತ್ತಿರ ಇದ್ದರೆ ಮಾತ್ರ ಗೆರೆಯ ಮೇಲೆ ನಿಂತು ನೋಡಿ. ಗೆರೆ ಫೇರ್ ಜಾಗ, ಹೋಮ್ ಪ್ಲೇಟ್ ಕೂಡ ಫೇರ್. ನೋಡಬೇಕಾದದ್ದು ಚೆಂಡು ಎಲ್ಲಿತ್ತು ಅಂತ, ಫೀಲ್ಡರ್‌ನ ಕಾಲು ಎಲ್ಲಿತ್ತು ಅಂತ ಅಲ್ಲ. ಫೌಲ್ ಆದರೆ ಎರಡೂ ಕೈ ಮೇಲೆತ್ತಿ ಗಟ್ಟಿಯಾಗಿ "ಫೌಲ್ ಬಾಲ್". ಫೇರ್ ಆದರೆ ಒಳಗಡೆ ಬೆರಳು ತೋರಿಸಿ, ಬಾಯಿ ಮುಚ್ಚಿ. ಫೇರ್ ಅಂತ ಕೂಗಿದರೆ ಅರ್ಧ ಮಕ್ಕಳಿಗೆ ಫೌಲ್ ಅಂತ ಕೇಳಿಸುತ್ತದೆ, ನಿಂತುಬಿಡುತ್ತಾರೆ.

ಫೀಲ್ಡರ್ ಕೈಯಿಂದ ಚೆಂಡು ಹೊರಟ ಕೂಡಲೇ ನೀವು ಎಲ್ಲಿದ್ದೀರೋ ಅಲ್ಲೇ ನಿಲ್ಲಿ. ಇನ್ನೆರಡು ಹೆಜ್ಜೆ ಹತ್ತಿರ ಹೋಗುವ ಆಸೆ ಬೇಡ. ಇಪ್ಪತ್ತು ಅಡಿ ದೂರದಿಂದ ಸರಿಯಾದ ಕೋನದಲ್ಲಿ ನಿಂತು ನೋಡಿದವರಿಗೆ ಕಂಡದ್ದು, ಐದು ಅಡಿ ಹತ್ತಿರ ಓಡುತ್ತಾ ನೋಡಿದವರಿಗೆ ಕಾಣುವುದಿಲ್ಲ. ಫಸ್ಟ್ ಬೇಸ್‌ನಲ್ಲಿ ಕಣ್ಣು ಬೇಸ್ ಮೇಲೆ, ಕಾಲಿನ ಮೇಲೆ. ಕಿವಿ ಗ್ಲೌಸ್ ಸದ್ದಿನ ಮೇಲೆ. ಕಾಲು ಮೊದಲಾ, ಸದ್ದು ಮೊದಲಾ? ಇಷ್ಟೇ ಪ್ರಶ್ನೆ. ಉತ್ತರ ಬಂದ ಮೇಲೆ ಕಣ್ಣನ್ನು ಗ್ಲೌಸ್‌ಗೆ ಎತ್ತಿ, ಚೆಂಡು ಒಳಗಿದೆಯಾ ಅಂತ ನೋಡಿ. ಆಮೇಲೆ ಹೇಳಿ. ನಾನು ಆ ಹುಡುಗಿಗೆ ಮಾಡದೇ ಹೋದದ್ದು ಈ ಕೊನೆಯ ನೋಟವನ್ನು. ಆತುರದಲ್ಲಿ ಔಟ್ ಅಂದು, ಚೆಂಡು ಬಿದ್ದಿರುವುದು ಕಂಡರೆ ತಡ ಮಾಡದೆ ತಿದ್ದಿಕೊಳ್ಳಿ. ಎರಡೂ ಕೈ ಅಗಲಿಸಿ "ಸೇಫ್, ಚೆಂಡು ಬಿದ್ದಿದೆ" ಅಂತ ನೆಲದ ಕಡೆ ತೋರಿಸಿ. ಅವತ್ತು ನನಗೆ ಹೀಗೆ ತಿದ್ದಬಹುದು ಅಂತಲೇ ಗೊತ್ತಿರಲಿಲ್ಲ.

ಫಸ್ಟ್ ಬೇಸ್ ಕೆಲವು ಕಡೆ ಜೋಡಿ ಬೇಸ್ ಆಗಿರುತ್ತದೆ, ಒಳಗೆ ಬಿಳಿ, ಹೊರಗೆ ಕಿತ್ತಳೆ. ಫೀಲ್ಡರ್ ಬಿಳಿಯದನ್ನು, ಓಡಿ ಬರುವ ಬ್ಯಾಟರ್ ಕಿತ್ತಳೆಯದನ್ನು ತುಳಿಯಬೇಕು. ಇಬ್ಬರೂ ಡಿಕ್ಕಿ ಹೊಡೆಯದಿರಲಿ ಅಂತ ಈ ಏರ್ಪಾಡು. ಮಕ್ಕಳ ಆಟಕ್ಕೆ ಇದನ್ನು ಕೇಳಿ ಹಾಕಿಸಿ.

ಟ್ಯಾಗ್, ಅಂದರೆ ಚೆಂಡು ಹಿಡಿದ ಗ್ಲೌಸ್‌ನಿಂದ ರನ್ನರ್ ಮೈ ಮುಟ್ಟುವುದು, ಬೇರೆ ಕಥೆ. ಅಲ್ಲಿ ಹತ್ತಿರ ಹೋಗಲೇಬೇಕು, ಹತ್ತು ಹನ್ನೆರಡು ಅಡಿ. ಫೀಲ್ಡರ್‌ನ ಬೆನ್ನ ಹಿಂದೆ ಸಿಕ್ಕಿಹಾಕಿಕೊಳ್ಳಬೇಡಿ. ಗ್ಲೌಸ್‌ಗೂ ರನ್ನರ್ ಮೈಗೂ ನಡುವಿನ ಸಂದು ನಿಮಗೆ ಕಾಣಬೇಕು. ಹೋದ ಆಗಸ್ಟ್‌ನಲ್ಲಿ ಜಿಟಿಜಿಟಿ ಮಳೆ ನಿಂತ ಮೇಲೆ ಆಡಿಸಿದ ಒಂದು ಪಂದ್ಯ. ಥರ್ಡ್‌ನಿಂದ ಹುಡುಗಿಯೊಬ್ಬಳು ಹೋಮ್‌ಗೆ ಸ್ಲೈಡ್ ಮಾಡಿದಳು. ಕೆಸರು ಎದ್ದು ಪ್ಲೇಟ್ ಮುಚ್ಚಿಹೋಯಿತು. ಕ್ಯಾಚರ್ ಗ್ಲೌಸ್ ಅವಳ ಮೊಣಕಾಲಿನ ಮೇಲೆ. ಎಲ್ಲರೂ ಕೂಗುತ್ತಿದ್ದರು. ನಾನು ಬಗ್ಗಿ ನೋಡಿದೆ. ಅವಳ ಬೂಟಿನ ತುದಿ ಪ್ಲೇಟ್‌ನ ಅಂಚಿನಿಂದ ಎರಡು ಬೆರಳು ಈಚೆ, ಕೆಸರಿನಲ್ಲಿ ಬೂಟು ಜಾರಿ ಬಂದ ಗೆರೆ ಅಲ್ಲೇ ನಿಂತಿತ್ತು. ಚೆಂಡು ಗ್ಲೌಸ್‌ನಲ್ಲೇ ಇತ್ತು. ಔಟ್ ಅಂದೆ, ಬೂಟಿನ ತುದಿ ತೋರಿಸಿದೆ. ಅವಳೇ ತಲೆ ಆಡಿಸಿ ಎದ್ದಳು. ಬಗ್ಗಿ ನೋಡಲು ಎರಡು ಸೆಕೆಂಡು ಬೇಕಾಯಿತು. ಆ ಎರಡು ಸೆಕೆಂಡು ನಿಮ್ಮದು, ಯಾರೂ ಕಿತ್ತುಕೊಳ್ಳಲಾರರು.

ಇಬ್ಬರು ಅಂಪೈರ್ ಇದ್ದರೆ ಆಟಕ್ಕೆ ಮುಂಚೆ ಕೂತು ಮಾತಾಡಿಕೊಳ್ಳಿ. ಬೇಸ್‌ಗಳಲ್ಲಿ ರನ್ನರ್ ಇಲ್ಲದಾಗ ಬೇಸ್ ಅಂಪೈರ್ ಫಸ್ಟ್ ಬೇಸ್‌ನ ಹಿಂದೆ, ಗೆರೆಯ ಹೊರಗೆ, 18ರಿಂದ 21 ಅಡಿ ದೂರದಲ್ಲಿ ನಿಲ್ಲುತ್ತಾರೆ. ರನ್ನರ್ ಬಂದ ಮೇಲೆ ಒಳಗೆ ಬರುತ್ತಾರೆ. ಫಸ್ಟ್‌ನಿಂದ ಥರ್ಡ್‌ಗೆ ಓಡುವವಳನ್ನು ಯಾರು ನೋಡುತ್ತಾರೆ ಅನ್ನುವುದು ಮೊದಲೇ ತೀರ್ಮಾನ ಆಗಿರಲಿ. ಇಲ್ಲದಿದ್ದರೆ ಒಬ್ಬರು ಔಟ್, ಒಬ್ಬರು ಸೇಫ್ ಅಂತ ಕೈ ಎತ್ತಿ ನಿಲ್ಲುವ ಪರಿಸ್ಥಿತಿ ಬರುತ್ತದೆ.

ಕ್ರಿಕೆಟ್ ಮನಸ್ಸಿಗೆ ಗೊಂದಲ ಮಾಡುವ ನಿಯಮಗಳು

ನಮ್ಮ ಮಕ್ಕಳು ಬ್ಯಾಟ್ ಕೈಯಲ್ಲಿ ಹಿಡಿದೇ ಓಡುತ್ತಾರೆ, ಕ್ರೀಸ್‌ಗೆ ಬ್ಯಾಟ್ ಮುಟ್ಟಿಸಿ ಅಭ್ಯಾಸ. ಅದನ್ನು ಕೋಚ್ ಬಿಡಿಸುತ್ತಾರೆ. ನೀವು ಬಿಡಿಸಿಕೊಳ್ಳಬೇಕಾದದ್ದು ನಿಮ್ಮ ತಲೆಯೊಳಗಿನ ಕ್ರಿಕೆಟ್.

ಫೋರ್ಸ್ ಮತ್ತು ಟ್ಯಾಗ್. ಹಿಂದಿನಿಂದ ಬ್ಯಾಟರ್ ಓಡಿ ಬರುತ್ತಿರುವುದರಿಂದ ರನ್ನರ್ ಜಾಗ ಬಿಡಲೇಬೇಕಾಗಿದ್ದರೆ ಅದು ಫೋರ್ಸ್. ಚೆಂಡು ಹಿಡಿದು ಬೇಸ್ ಮುಟ್ಟಿದರೆ ಸಾಕು. ಬಿಡಬೇಕಾದ ಒತ್ತಾಯ ಇಲ್ಲದಿದ್ದರೆ ಮೈ ಮುಟ್ಟಬೇಕು. ಮೂರನೇ ಔಟ್ ಫೋರ್ಸ್ ಆದರೆ, ಅಥವಾ ಬ್ಯಾಟರ್ ಫಸ್ಟ್ ಬೇಸ್ ಮುಟ್ಟುವ ಮುಂಚೆಯೇ ಔಟ್ ಆದರೆ, ಅಷ್ಟರಲ್ಲಿ ಹೋಮ್ ಮುಟ್ಟಿದವಳ ರನ್ ಲೆಕ್ಕಕ್ಕಿಲ್ಲ. ಮೂರನೇ ಔಟ್ ಬೇರೆ ಟ್ಯಾಗ್ ಆಗಿದ್ದರೆ, ಯಾವುದು ಮೊದಲು ಆಯಿತು ಅಂತ ನೋಡಬೇಕು.

ಇನ್‌ಫೀಲ್ಡ್ ಫ್ಲೈ ಯಾಕೆ ಇದೆ ಅಂತ ಗೊತ್ತಾದರೆ ಮರೆಯುವುದಿಲ್ಲ. ಫಸ್ಟ್, ಸೆಕೆಂಡ್ ಎರಡರಲ್ಲೂ ರನ್ನರ್ ಇದ್ದಾರೆ, ಔಟ್ ಎರಡಾಗಿಲ್ಲ. ಸುಲಭದ ಕ್ಯಾಚ್ ಮೇಲೆ ಹೋಗಿದೆ, ರನ್ನರ್‌ಗಳು ಬೇಸ್‌ನಲ್ಲೇ ನಿಂತಿದ್ದಾರೆ. ಚಾಲಾಕಿ ಫೀಲ್ಡರ್ ಬೇಕಂತಲೇ ಬಿಟ್ಟು, ಎತ್ತಿ ಎಸೆದು ಇಬ್ಬರನ್ನು ಔಟ್ ಮಾಡಿಬಿಡಬಹುದು. ಆ ಮೋಸ ತಡೆಯಲು ಅಂಪೈರ್ ಚೆಂಡು ಗಾಳಿಯಲ್ಲಿರುವಾಗಲೇ ಬಲಗೈ ಮೇಲೆತ್ತಿ "ಇನ್‌ಫೀಲ್ಡ್ ಫ್ಲೈ, ಬ್ಯಾಟರ್ ಔಟ್" ಅನ್ನಬೇಕು. ಗೆರೆ ಹತ್ತಿರ ಇದ್ದರೆ "ಫೇರ್ ಆದರೆ" ಅಂತ ಸೇರಿಸಿ. ಬ್ಯಾಟ್ ಬೀಸದೆ ಮೆಲ್ಲಗೆ ತಾಗಿಸುವ ಬಂಟ್‌ಗೂ, ನೇರ ಹೊಡೆದ ಲೈನ್ ಡ್ರೈವ್‌ಗೂ ಇದು ಇಲ್ಲ. ಚೆಂಡು ಲೈವ್ ಆಗೇ ಇರುತ್ತದೆ, ರನ್ನರ್ ಬೇಕಾದರೆ ತನ್ನ ಹೊಣೆಯಲ್ಲಿ ಓಡಬಹುದು. ತುಂಬಾ ಚಿಕ್ಕವರ ಆಟದಲ್ಲಿ ಯಾವ ಕ್ಯಾಚ್ ಸುಲಭ ಅನ್ನುವುದು ಆ ಮಕ್ಕಳ ಮಟ್ಟದಿಂದ ನಿರ್ಧಾರ ಆಗಬೇಕು.

ಮೂರನೇ ಸ್ಟ್ರೈಕ್ ಅನ್ನು ಕ್ಯಾಚರ್ ಹಿಡಿಯದಿದ್ದರೆ, ಫಸ್ಟ್ ಬೇಸ್ ಖಾಲಿ ಇದ್ದಾಗ ಅಥವಾ ಎರಡು ಔಟ್ ಆಗಿದ್ದಾಗ ಬ್ಯಾಟರ್ ಓಡಬಹುದು. ಪಿಚರ್ ಕೈ ಬಿಡುವ ಮುಂಚೆ ರನ್ನರ್ ಬೇಸ್ ಬಿಟ್ಟರೆ ರನ್ನರ್ ಔಟ್, ಆ ಪಿಚ್ ಲೆಕ್ಕಕ್ಕಿಲ್ಲ. ಚೆಂಡು ಪಿಚರ್ ಕೈಗೆ, ವೃತ್ತದೊಳಗೆ ಬಂದ ಮೇಲೆ ಬೇಸ್ ನಡುವೆ ನಿಂತು ಆಟ ಕಟ್ಟುವ ಹಾಗಿಲ್ಲ. ಮುಂದೆಯೋ ಹಿಂದೆಯೋ, ತಕ್ಷಣ ಹೋಗಬೇಕು.

ಮಕ್ಕಳ ಪಂದ್ಯದಲ್ಲಿ ಅತಿ ಹೆಚ್ಚು ಆಗುವುದು, ಅತಿ ಕಡಿಮೆ ಹಿಡಿಯುವುದು ಆಬ್‌ಸ್ಟ್ರಕ್ಷನ್. ಫಸ್ಟ್ ಬೇಸ್ ಹುಡುಗಿ ಕೈಯಲ್ಲಿ ಚೆಂಡಿಲ್ಲದೆ ದಾರಿಯಲ್ಲೇ ನಿಂತಿರುತ್ತಾಳೆ, ಓಡುವವಳು ಸುತ್ತು ಹಾಕಿ ಹೋಗುತ್ತಾಳೆ. ಎಡಗೈ ಚಾಚಿ ಮುಷ್ಟಿ ಹಿಡಿದು, ಪ್ಲೇ ಮುಗಿದ ಮೇಲೆ ರನ್ನರ್‌ಗೆ ಸಿಗಬೇಕಿದ್ದ ಬೇಸ್ ಕೊಡಿ. ಕೊಟ್ಟ ಮೇಲೆ ಫೀಲ್ಡರ್ ಹುಡುಗಿಗೆ ಎಲ್ಲಿ ನಿಲ್ಲಬೇಕು ಅಂತ ಒಂದು ಮಾತು ಹೇಳಿ. ಅವಳಿಗೆ ಯಾರೂ ಹೇಳಿರುವುದಿಲ್ಲ. ಇದಕ್ಕೆ ಉಲ್ಟಾ, ಬ್ಯಾಟಿಂಗ್ ತಂಡದವರು ಫೀಲ್ಡರ್‌ಗೆ ಅಡ್ಡ ಬಂದರೆ ಇಂಟರ್‌ಫಿಯರೆನ್ಸ್, ಅಲ್ಲಿ ಚೆಂಡು ಆಗಲೇ ಡೆಡ್.

ಇನ್ನೊಂದು. ಬೇಸ್ ತಪ್ಪಿಸಿಕೊಂಡು ಓಡಿದ್ದು, ಬ್ಯಾಟಿಂಗ್ ಸರದಿ ತಪ್ಪಿದ್ದು ಇವೆಲ್ಲ ನೀವು ನೋಡಿದ್ದರೂ ಎದುರಾಳಿ ಕೇಳುವವರೆಗೆ ಸುಮ್ಮನಿರಬೇಕು. ಮುಖದಲ್ಲೂ ತೋರಿಸಬಾರದು.

ವಾದ, ಬೇಡಿಕೆ, ನಮ್ಮವರು

"ಅಹೋ ಸರ್, ಸೇಫ್ ಹೋತೀ ನಾ ತೀ!" ಅವಳು ಸೇಫ್ ಇದ್ದಳಲ್ಲಾ ಅಂತ ಕೋಚ್ ಓಡಿ ಬರುತ್ತಾರೆ. ನೀವು ಅವರ ಕಡೆ ಓಡಬೇಡಿ. ನಿಂತಲ್ಲೇ ನಿಂತು, ಅವರು ಒಂದು ಸಲ ಪೂರ್ತಿ ಹೇಳಲಿ, ಆಮೇಲೆ ನೀವು ನೋಡಿದ್ದನ್ನು ಒಂದೇ ವಾಕ್ಯದಲ್ಲಿ ಹೇಳಿ: "ಸದ್ದು ಮೊದಲು ಬಂತು ಸರ್, ಕಾಲು ಆಮೇಲೆ." ಎರಡನೇ ವಾಕ್ಯ ಬೇಡ. ಔಟ್, ಸೇಫ್ ಅನ್ನುವ ನಿರ್ಣಯದ ಬಗ್ಗೆ ಪ್ರೊಟೆಸ್ಟ್ (ದೂರು) ಇಲ್ಲ. ನಿಯಮವನ್ನೇ ತಪ್ಪು ಹೇಳಿದ್ದೀರಿ ಅನ್ನುವುದಾದರೆ ಮುಂದಿನ ಪಿಚ್‌ಗೆ ಮೊದಲು ಅವರು ಕೇಳಬಹುದು. ಆಗ ಪುಸ್ತಕ ತೆಗೆದು ನೋಡಿ, ನಿಮ್ಮದು ತಪ್ಪಿದ್ದರೆ ತಿದ್ದಿ. ಅದರಲ್ಲಿ ನಾಚಿಕೆ ಪಡುವಂಥದ್ದು ಏನಿಲ್ಲ.

ಗೆರೆಯಾಚೆಯಿಂದ ಕನ್ನಡದಲ್ಲೂ ಬರುತ್ತದೆ. "ಏನ್ರೀ ಅಣ್ಣಾರ, ನಮ್ಮ ಹುಡುಗಿ ಮೊದಲ ಮುಟ್ಟಿದ್ಲಲ್ರೀ!" ನಮ್ಮ ಧಾರವಾಡದ ಕಡೆಯ ಧ್ವನಿ, ಮನೆಗೆ ಹೋಗಿ ಚಹಾ ಕುಡಿದು ಬಂದಿರುವ ಮನೆಯವರು. ತಿರುಗಿ ನೋಡಬೇಡಿ. ಪಂದ್ಯ ನಡೆಯುವಾಗ ಒಂದು ತಂಡದ ಮಕ್ಕಳ ಜೊತೆ ಮಾತ್ರ ಕನ್ನಡ ಮಾತಾಡಬೇಡಿ, ಅದು ಪ್ರೀತಿಯೇ ಇರಬಹುದು, ಆದರೆ ಇನ್ನೊಂದು ತಂಡಕ್ಕೆ ಗುಟ್ಟಿನ ಹಾಗೆ ಕೇಳಿಸುತ್ತದೆ. ಹೊರಗೆ ನನ್ನನ್ನು ಮಾಮಾ ಅನ್ನುವ ಮಕ್ಕಳಿಗೆ ಗೆರೆಯ ಒಳಗೆ ಸರ್ ಅನ್ನಿ ಅಂತ ಹೇಳಿದ್ದೇನೆ. ಸ್ವಂತ ಮಗಳು ಆಡುವ ಪಂದ್ಯಕ್ಕೆ ನಿಲ್ಲಬೇಡಿ. ಬೇರೆ ಯಾರೂ ಇಲ್ಲದಿದ್ದರೆ ಎರಡೂ ಕೋಚ್‌ಗೆ ಹೇಳಿ, ಒಪ್ಪಿದರೆ ಮಾತ್ರ ನಿಲ್ಲಿ.

ಪಿಚರ್ ಮಗು ಅತ್ತರೆ? ಆಟ ನಿಲ್ಲಿಸಿ, ಟೈಮ್ ಹೇಳಿ ಪ್ಲೇಟ್ ಒರೆಸಿ. ಬ್ರಷ್ ಹಿಡಿದು ನಿಧಾನವಾಗಿ ಒರೆಸಲು ಅರ್ಧ ನಿಮಿಷ ಹಿಡಿಯುತ್ತದೆ, ಪಿಚರ್‌ಗೆ ಕಣ್ಣು ಒರೆಸಿಕೊಳ್ಳಲು ಅಷ್ಟು ಸಾಕು. ಒರೆಸುವಾಗ ಬೆನ್ನು ಪಿಚರ್ ಕಡೆ ಇರಲಿ, ಯಾರೂ ನೋಡುತ್ತಿಲ್ಲ ಅಂತ ಅವಳಿಗೆ ಅನ್ನಿಸಲಿ. ಏಪ್ರಿಲ್, ಮೇ ಶಿಬಿರದ ಪಂದ್ಯಗಳಲ್ಲಿ ಎರಡು ಇನ್ನಿಂಗ್ಸ್‌ಗೊಮ್ಮೆ ಎಲ್ಲರಿಗೂ ನೀರು, ನಿಮಗೂ. ಸಂಜೆ ಅಡ್ಡಮಳೆ ಮೋಡ ಕಟ್ಟಿ ಗುಡುಗು ಕೇಳಿದರೆ ಸ್ಕೋರ್ ಎಷ್ಟೇ ಇರಲಿ, ಮಕ್ಕಳನ್ನು ಕಟ್ಟಡದೊಳಗೆ ಕಳಿಸಿ. ಮರದ ಕೆಳಗೆ ಅಲ್ಲ. ಕೊನೆಯ ಗುಡುಗಿನಿಂದ 30 ನಿಮಿಷ ಕಾಯಿರಿ.

ಪಂದ್ಯ ಮುಗಿದ ಮೇಲೆ

ಏಳು ಇನ್ನಿಂಗ್ಸ್ ಆಗಿ ಸ್ಕೋರ್ ಸಮ ಇದ್ದರೆ ಟೈ ಬ್ರೇಕರ್, ಪ್ರತಿ ಸರದಿಯೂ ಸೆಕೆಂಡ್ ಬೇಸ್‌ನಲ್ಲಿ ಒಬ್ಬ ರನ್ನರ್ ಇಟ್ಟು ಶುರು. ಫಲಿತಾಂಶ ಬಂದ ಮೇಲೆ ಸ್ಕೋರ್‌ಶೀಟ್ ಸರಿಯಾಗಿದೆಯಾ ನೋಡಿ ಸಹಿ ಹಾಕಿ, ಹೊರಡಿ. ನಿಂತು ಮಾತಾಡಿದರೆ ಪ್ಲೇ ಒಂದೊಂದೂ ಮತ್ತೆ ಶುರುವಾಗುತ್ತದೆ.

ಒಂದು ನೋಟ್‌ಬುಕ್ ಇಡಿ. ಮನೆಗೆ ಹೋಗಿ ಸ್ನಾನಕ್ಕೆ ಮುಂಚೆ ಎರಡೇ ಸಾಲು ಬರೆಯಿರಿ: ಇವತ್ತು ಯಾವ ಪ್ಲೇ ನನಗೆ ಕಾಣಲಿಲ್ಲ, ಆಗ ನನ್ನ ಕಾಲು ಎಲ್ಲಿತ್ತು. ಹತ್ತು ಪಂದ್ಯ ಬರೆದರೆ ನಿಮ್ಮ ತಪ್ಪು ಒಂದೇ ಜಾಗದಲ್ಲಿ ಮರುಕಳಿಸುತ್ತಿರುವುದು ಕಾಣುತ್ತದೆ. ನನಗೆ ಅದು ಸೆಕೆಂಡ್ ಬೇಸ್ ಸ್ಟೀಲ್ (ಚೆಂಡು ಹೊಡೆಯದಿದ್ದರೂ ರನ್ನರ್ ಸೆಕೆಂಡ್‌ಗೆ ಓಡುವುದು), ಇನ್ನೂ ಅದರ ಮೇಲೇ ಕೆಲಸ ಮಾಡುತ್ತಿದ್ದೇನೆ. ಮಾಸ್ಕ್‌ನ ಪ್ಯಾಡ್ ಬಿಚ್ಚಿ ಫ್ಯಾನ್ ಕೆಳಗೆ ಒಣಗಿಸಿ. ಮಳೆಗಾಲದಲ್ಲಿ ಬ್ಯಾಗಿನಲ್ಲೇ ಬಿಟ್ಟರೆ ಮುಂದಿನ ಭಾನುವಾರದ ಹೊತ್ತಿಗೆ ಬೂಷ್ಟು ಹಿಡಿದಿರುತ್ತದೆ.